ಗಲ್ಲಿನ ಹಿಂದಿನ ವಂಶಾವಳಿ: ನರಗುಂದದ ಬಾಬಾಸಾಹೇಬ

ನವಲಗುಂದದಿಂದ ನರಗುಂದದ ಕಡೆಗೆ ಎರೆಹೊಲಗಳ ನಡುವೆ ಸಾಗುವವರಿಗೆ ಊರಿಗಿಂತ ಮೊದಲು ಕಾಣಿಸುವುದು ಗುಡ್ಡ. 1997ರಲ್ಲಿ ಗದಗ ಜಿಲ್ಲೆಯಾಗುವವರೆಗೆ ಈ ಊರು ಧಾರವಾಡ ಜಿಲ್ಲೆಗೇ ಸೇರಿತ್ತು. ಶಿವಾಜಿಯ ಕಾಲದ್ದೆಂದು ಹೇಳಲಾಗುವ ಕೋಟೆ ಆ ಗುಡ್ಡದ ಮೇಲಿದೆ. ಆ ಕೋಟೆಯ ಕೊನೆಯ ಒಡೆಯ ಭಾಸ್ಕರರಾವ್ ಭಾವೆ. ಜನರ ಬಾಯಲ್ಲಿ ಬಾಬಾಸಾಹೇಬ. ಕಂಪನಿ ಸರಕಾರದ ಕಾಗದಪತ್ರಗಳಲ್ಲಿ ಅವನು ಕೊಲೆಗಾರ. ಸ್ವಾತಂತ್ರ್ಯೋತ್ತರ ಪಠ್ಯಗಳಲ್ಲಿ ಹುತಾತ್ಮ. ಒಂದು ಪದ ಅವನನ್ನು ನೇಣುಗಂಬಕ್ಕೆ ಕಟ್ಟಿದೆ, ಇನ್ನೊಂದು ಪೀಠದ ಮೇಲೆ ಕೂರಿಸಿದೆ. ಆದರೆ ಎರಡೂ ಪದಗಳು ಅವನ ಬದುಕನ್ನು ಅದರ ಕೊನೆಯ ಹದಿನಾಲ್ಕು ದಿನಗಳಿಂದಲೇ ಓದತೊಡಗುತ್ತವೆ.

ಆ ಹದಿನಾಲ್ಕು ದಿನಗಳ ವಿವರ ಸ್ಪಷ್ಟವಾಗಿದೆ. 1858ರ ಮೇ ತಿಂಗಳ ಕೊನೆಯಲ್ಲಿ ಮುಂಡರಗಿ ಭೀಮರಾಯನು ಬಂಡೆದ್ದು ಕೊಪ್ಪಳದ ಕೋಟೆಯನ್ನು ಹಿಡಿದಿದ್ದ. ಅದೇ ಹೊತ್ತಿಗೆ ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನಾಗಿದ್ದ ಚಾರ್ಲ್ಸ್ ಮ್ಯಾನ್ಸನ್ ಸಣ್ಣ ಬೆಂಗಾವಲಿನೊಂದಿಗೆ ರಾಮದುರ್ಗದ ಮಾರ್ಗವಾಗಿ ಬರುತ್ತಿದ್ದ. ಮೇ 29ರ ರಾತ್ರಿ ಅವನು ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನು ಕುದುರೆ ಪಡೆಯೊಂದಿಗೆ ಮೇಲೆ ಬಿದ್ದ. ಮ್ಯಾನ್ಸನ್ ಹತನಾದ. ಅವನ ರುಂಡವನ್ನು ನರಗುಂದದ ಅಗಸೆಯಲ್ಲಿ ತೂಗುಹಾಕಲಾಯಿತು. ಜೂನ್ ಮೊದಲ ವಾರ ಮುಗಿಯುವ ಮೊದಲೇ ಕೋಟೆ ಕಂಪನಿಯ ಸೈನ್ಯದ ಕೈಸೇರಿತು. ಭೀಮರಾಯನು ಕೊಪ್ಪಳದಲ್ಲಿ ಮಡಿದ. ತಲೆಮರೆಸಿಕೊಂಡಿದ್ದ ಬಾಬಾಸಾಹೇಬನನ್ನು ಪೊಲೀಸ್ ಅಧಿಕಾರಿ ಫ್ರಾಂಕ್ ಸೂಟರ್ ಸೆರೆಹಿಡಿದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಅವನ ತಾಯಿ ಮತ್ತು ಹೆಂಡತಿಯ ಶವಗಳು ಮಲಪ್ರಭೆಯಲ್ಲಿ ದೊರೆತವು.

ಇಷ್ಟನ್ನು ಬರೆದ ಬಳಿಕ ಸಂಶೋಧಕನು ಪೂರ್ವಜರ ಪಟ್ಟಿಯೊಂದನ್ನು ಅಡಿಟಿಪ್ಪಣಿಯಾಗಿ ಸೇರಿಸಿ ಮುಂದೆ ಸಾಗುವುದು ವಾಡಿಕೆ. ಬಾಬಾಸಾಹೇಬನ ವಿಷಯದಲ್ಲಿ ಈ ವಾಡಿಕೆ ಸಲ್ಲದು. ಇಲ್ಲಿ ವಂಶಾವಳಿಯೇ ಮೊಕದ್ದಮೆಯ ತಿರುಳು.

ಭಾವೆ ಮನೆತನದವರು ಕೊಂಕಣಸ್ಥ ಬ್ರಾಹ್ಮಣರು. ಮರಾಠರ ಆಳ್ವಿಕೆಯಲ್ಲಿ ನರಗುಂದ, ರಾಮದುರ್ಗಗಳ ಒಡೆತನ ಹೊಂದಿದವರು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲ ಪುಣೆಗೂ ಶ್ರೀರಂಗಪಟ್ಟಣಕ್ಕೂ ಬೇಕಾಗಿದ್ದ ನೆಲ. 1778ರ ಸುಮಾರಿಗೆ ಅದು ಹೈದರನ ವಶವಾದಾಗ ನರಗುಂದವು ಅವನಿಗೆ ಕಪ್ಪ ಸಲ್ಲಿಸಬೇಕಾಯಿತು. ಟೀಪು ಸುಲ್ತಾನನು ಕಪ್ಪವನ್ನು ಏರಿಸಿದಾಗ ಅಂದಿನ ಒಡೆಯ ವೆಂಕಟರಾವ್ ಭಾವೆ ಒಪ್ಪಲಿಲ್ಲ. 1785ರಲ್ಲಿ ಟೀಪುವಿನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತು. ಪುಣೆಯಿಂದ ಪರಶುರಾಮ ಭಾವು ಬಂದರೂ ಕೋಟೆ ಉಳಿಯಲಿಲ್ಲ. ವೆಂಕಟರಾವ್ ಮತ್ತು ಅವನ ಕಾರಭಾರಿ ಕಾಳೋಪಂತ ಪೇಠೆ ಸೆರೆಯಾಳುಗಳಾಗಿ ಕಬ್ಬಾಳದುರ್ಗ ಸೇರಿದರು. 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಈ ಸೀಮೆ ಮತ್ತೆ ಮರಾಠರಿಗೆ ಸಂದಿತು. ನರಗುಂದ ಭಾವೆಯವರಿಗೆ ಮರಳಿತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಅಳಿದಾಗ ಕಂಪನಿಯೂ ಈ ಒಡೆತನವನ್ನು ಮನ್ನಿಸಿತು.

ಈ ಮನೆತನದ ಸೈನಿಕ ಚರಿತ್ರೆ ಗೆಲುವಿನದಲ್ಲ. ಕೋಟೆ ಹೋಯಿತು, ಒಡೆಯ ಸೆರೆ ಸೇರಿದ, ಆದರೆ ವಂಶ ಉಳಿಯಿತು. ವಂಶ ಉಳಿದುದರಿಂದ ಕೋಟೆಯೂ ಮರಳಿ ಬಂತು. ಗುಡ್ಡದ ಮೇಲಿನವರಿಗೆ ಈ ಅನುಭವ ಕಲಿಸಿದ ಪಾಠ ಇದು. ಇದನ್ನು ಬಲ್ಲವನಿಗೆ ಮಾತ್ರ 1858ರ ರೋಷದ ಆಳ ತಿಳಿದೀತು.

ಬಾಬಾಸಾಹೇಬನು 1842ರಲ್ಲಿ ಅಧಿಕಾರಕ್ಕೆ ಬಂದ. ಅವನ ಬಳಿ ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹವಿತ್ತು. ಈ ಸೀಮೆಯ ಸಂಸ್ಥಾನಿಕರಲ್ಲಿ ಅವನು ಬುದ್ಧಿವಂತನೆಂಬುದನ್ನು ಅವನನ್ನು ಗಲ್ಲಿಗೇರಿಸಿದ ಆಡಳಿತವೇ ಒಪ್ಪಿಕೊಂಡಿದೆ. ಅವನಿಗೆ ಗಂಡುಸಂತಾನ ಉಳಿದಿರಲಿಲ್ಲ. ದತ್ತು ಸ್ವೀಕಾರಕ್ಕೆ ಅನುಮತಿ ಕೇಳಿದ; ಕಂಪನಿ ನಿರಾಕರಿಸಿತು. ಡಾಲ್‌ಹೌಸಿಯ ಕಾಲದಲ್ಲಿ ಸಾತಾರಾ, ನಾಗಪುರ, ಝಾನ್ಸಿಗಳು ಹೋದುದು ಇದೇ ದಾರಿಯಲ್ಲಿ. ಧಾರವಾಡ ಸೀಮೆಗಾದರೋ ಈ ನೆನಪು ಇನ್ನೂ ಹಳೆಯದು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಒಪ್ಪದ ಕಲೆಕ್ಟರ್ ಥ್ಯಾಕರೆ ಅಕ್ಟೋಬರ್ 23ರಂದು ಆ ಕೋಟೆಯ ಮುಂದೆಯೇ ಹತನಾಗಿದ್ದ.

ಇದೇ ಕಾಲದಲ್ಲಿ ಇನಾಂ ಆಯೋಗವು ಊರೂರಿನ ಇನಾಂದಾರರಿಂದ ಸನದುಗಳನ್ನೂ ವಂಶಾವಳಿಗಳನ್ನೂ ತರಿಸಿಕೊಂಡು ಪರಿಶೀಲಿಸುತ್ತಿತ್ತು. 1852ರ ಕಾಯಿದೆ ಅದಕ್ಕೆ ಬಲ ನೀಡಿತ್ತು. ಕಾಗದ ತೋರಿಸಲಾಗದವರ ಭೂಮಿ ಸರಕಾರಕ್ಕೆ ಸೇರುತ್ತಿತ್ತು. ಮ್ಯಾನ್ಸನ್ ಈ ಆಯೋಗದಲ್ಲಿ ಕೆಲಸ ಮಾಡಿದವನು. ಅವನ ಮೇಲಣ ದ್ವೇಷಕ್ಕೆ ಇದೊಂದು ಮುಖ್ಯ ಕಾರಣ. ಹೀಗೆ ಸುರೇಬಾನದಲ್ಲಿ ಎದುರಾದವರು ವಂಶಾವಳಿಗಳನ್ನು ತೂಗಿನೋಡುವ ವ್ಯವಸ್ಥೆಯ ಅಧಿಕಾರಿ ಮತ್ತು ವಂಶ ನಿನ್ನೊಂದಿಗೇ ಮುಗಿಯಿತು ಎನಿಸಿಕೊಂಡ ಒಡೆಯ. ಜೊತೆಗೆ ನಿಶ್ಶಸ್ತ್ರೀಕರಣದ ಕಾಯಿದೆ ಬಂತು. ತೋಪು ಮದ್ದುಗುಂಡುಗಳನ್ನು ಧಾರವಾಡಕ್ಕೆ ಒಪ್ಪಿಸಬೇಕೆಂಬ ಆಜ್ಞೆ ನರಗುಂದವನ್ನು ತಲುಪಿತು. ವಂಶವನ್ನು ಕಳೆದುಕೊಂಡವನಿಂದ ಆಯುಧವನ್ನೂ ಕೇಳಿದಂತಾಯಿತು.

ಇದರಿಂದ ಕೊಲೆ ಕೊಲೆಯಲ್ಲವೆಂದು ಸಿದ್ಧವಾಗುವುದಿಲ್ಲ. ಪ್ರಯಾಣದಲ್ಲಿ ದಣಿದು ರಾತ್ರಿ ಮಲಗಿದ್ದವನ ಮೇಲೆ ನಡೆದ ದಾಳಿ ಅದು; ಅಗಸೆಯಲ್ಲಿ ತೂಗಿದ ರುಂಡವನ್ನು ಯಾವ ಪೂರ್ವಕಥೆಯೂ ಮರೆಮಾಡಲಾರದು, ಮರೆಮಾಡಲೂ ಬಾರದು. ಕಾರಣವನ್ನು ಅರಸುವುದು ಬೇರೆ, ಕ್ಷಮೆಯನ್ನು ಹಂಚುವುದು ಬೇರೆ. ಹುತಾತ್ಮನೆಂಬ ಪದವನ್ನು ಬಳಸುವವರು ಮ್ಯಾನ್ಸನ್‌ನ ಸಾವನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಕೊಲೆಗಾರನೆಂಬ ಪದವನ್ನು ಬಳಸಿದವರು ದತ್ತಕದ ಅರ್ಜಿಯನ್ನು ಒಂದು ವಾಕ್ಯದಲ್ಲಿ ಮುಗಿಸಿದ್ದರು. ಸಂಶೋಧನೆಯ ಕೆಲಸ ಈ ಎರಡು ವಾಕ್ಯಗಳನ್ನೂ ಬಿಡಿಸಿ ಓದುವುದಾಗಿದೆ.

ಮತ್ತೊಂದು ಎಚ್ಚರವೂ ಅಗತ್ಯ. ಭಾವೆಯವರ ವಂಶಾವಳಿ ದೊರೆಯುವುದು ಅವರು ಒಡೆಯರಾಗಿದ್ದರೆಂಬ ಕಾರಣಕ್ಕೆ. ಅದೇ ನಿಶ್ಶಸ್ತ್ರೀಕರಣವನ್ನು ವಿರೋಧಿಸಿದ ಹಲಗಲಿಯ ಬೇಡರಲ್ಲಿ 19 ಮಂದಿಯನ್ನು 1857ರ ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಅವರಿಗೆ ಸನದುಗಳಿರಲಿಲ್ಲ, ದತ್ತಕದ ಅರ್ಜಿಗಳಿರಲಿಲ್ಲ. ಅವರ ಕಥೆ ಉಳಿದದ್ದು ಲಾವಣಿಯಲ್ಲಿ. ಅದನ್ನು ಫ್ಲೀಟ್ ಸಂಗ್ರಹಿಸಿ ಅಚ್ಚಿಗೆ ತಂದುದರಿಂದ ವಿದ್ವತ್ತಿನ ಕಣ್ಣಿಗೂ ಬಿತ್ತು. ಕನ್ನಡ ವಿಭಾಗಗಳು ಜನಪದ ಹಾಡನ್ನು ಪತ್ರಾಗಾರದ ಕಡತದ ಪಕ್ಕದಲ್ಲಿಟ್ಟು ಓದಬೇಕಾಗಿರುವುದು ಇದಕ್ಕಾಗಿಯೇ. ಕೆಲವರ ವಂಶಾವಳಿ ಕಾಗದದಲ್ಲಿದೆ, ಹಲವರದು ಹಾಡಿನಲ್ಲಿದೆ.

ನರಗುಂದ ಸಂಸ್ಥಾನವನ್ನು ಸರಕಾರ ವಶಪಡಿಸಿಕೊಂಡಿತು. 1858ರ ನವೆಂಬರ್ 1ರಂದು ರಾಣಿಯ ಘೋಷಣೆ ಹೊರಬಿತ್ತು. 1862ರಲ್ಲಿ ಕ್ಯಾನಿಂಗನು ದೇಶದ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ನೀಡತೊಡಗಿದ. ಭಾವೆ ಮನೆತನದ ಇನ್ನೊಂದು ಕವಲಾದ ರಾಮದುರ್ಗಕ್ಕೂ ದತ್ತು ಸ್ವೀಕರಿಸುವ ಹಕ್ಕು ದೊರೆಯಿತು. ಆ ಸಂಸ್ಥಾನ 1948ರವರೆಗೆ ಬಾಳಿತು. ಗುಡ್ಡದ ಮೇಲಿನವನಿಗೆ ಇಲ್ಲವೆಂದ ಕಾಗದವನ್ನು ನಾಲ್ಕು ವರ್ಷಗಳ ಬಳಿಕ ಸರಕಾರ ತಾನಾಗಿಯೇ ಬರೆದುಕೊಡತೊಡಗಿತ್ತು. ಅಷ್ಟರಲ್ಲಿ ಸುರೇಬಾನದಲ್ಲಿ ಒಬ್ಬ, ಬೆಳಗಾವಿಯಲ್ಲಿ ಒಬ್ಬ, ಮಲಪ್ರಭೆಯಲ್ಲಿ ಇಬ್ಬರು ಹೆಂಗಸರು ಇಲ್ಲವಾಗಿದ್ದರು.