ಕರಿಹಲಗೆಯ ಮೇಲಣ ನೀಲಿಯ ಅಕ್ಷರ

ಮೂವತ್ತೈದು ವರುಷಗಳ ಕಾಲ ಕರಿಹಲಗೆಯ ಮೇಲೆ ಬಿಳಿಯ ಸೀಮೆಸುಣ್ಣದಿಂದ ಬರೆದವನು ನಾನು. ಕರಿದರ ಮೇಲೆ ತಿಳಿಯ ಬಣ್ಣವೇ ಕಾಣುವುದೆಂಬುದನ್ನು ಒಂದನೆಯ ಇಯತ್ತೆಯ ಹುಡುಗನೂ ಬಲ್ಲನು. ಅಷ್ಟನ್ನು ಮರೆತು, ಅರುವತ್ತನೆಯ ವಯಸ್ಸಿನಲ್ಲಿ ಎಂಟು ದಿನ ಕಂಗೆಟ್ಟು ಕುಳಿತ ಬಗೆಯನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ತೀರ್ಥರೂಪರು ರಘುವಂಶದ ದ್ವಿತೀಯ ಸರ್ಗಕ್ಕೆ ಕನ್ನಡದಲ್ಲಿ ಒಂದು ವ್ಯಾಖ್ಯಾನವನ್ನು ಬರೆದಿಟ್ಟಿದ್ದರು. ವಹಿಯ ಹಾಳೆಗಳು ಮುಟ್ಟಿದರೆ ಮುರಿಯುವಂತಾಗಿವೆ, ಮಸಿಯೂ ಮಾಸುತ್ತಲಿದೆ. ಆದುದರಿಂದ ಅದನ್ನು ಗಣಕಯಂತ್ರದಲ್ಲಿ ಪ್ರತಿಮಾಡತೊಡಗಿದೆನು. ಬರೆಯಲು ವಿಮ್ ಎಂಬ ಸಂಪಾದಕವನ್ನು ಬಳಸುತ್ತೇನೆ. ಹಾಲೆಂಡಿನ ಬ್ರಾಮ್ ಮೂಲೆನಾರ್ ಎಂಬವರು 1991ರಲ್ಲಿ ಲೋಕಕ್ಕೆ ಕೊಟ್ಟ ಸಾಧನವಿದು. ಅವರು 2023ರಲ್ಲಿ ತೀರಿಕೊಂಡರು. ಇದಕ್ಕೆ ಅವರು ಬೆಲೆಯನ್ನು ಕೇಳಲಿಲ್ಲ. ಉಗಾಂಡಾ ದೇಶದ ಬಡಮಕ್ಕಳಿಗೆ ನೆರವಾಗಿರೆಂದು ಮಾತ್ರ ಬೇಡಿಕೊಂಡರು. ವಿಮ್ ಕೆಲಸ ಮಾಡುವುದು ಟರ್ಮಿನಲ್ ಎಂಬ ಕಿಟಕಿಯೊಳಗೆ. ಅಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಅಕ್ಷರಗಳಿಂದಲೇ ಎಲ್ಲ ವ್ಯವಹಾರ. ಅಚ್ಚಿನ ಅಂದಕ್ಕೆ ಟೆಕ್ ಎಂಬ ಇನ್ನೊಂದು ವ್ಯವಸ್ಥೆಯುಂಟು. ಅದರಲ್ಲಿ ಶೇಕಡಾ ಚಿಹ್ನೆಯ ಮುಂದೆ ಬರೆದ ಮಾತು ಅಚ್ಚಿಗೆ ಬಾರದು. ಬರೆದವನ ಟಿಪ್ಪಣಿಯಾಗಿ ಕಡತದಲ್ಲಿಯೇ ಉಳಿಯುವುದು. ತಂದೆಯವರ ಅಕ್ಷರ ತಿಳಿಯದಲ್ಲಿ, ಪಾಠ ಸಂಶಯವಾದಲ್ಲಿ, ನನ್ನ ಸಂದೇಹವನ್ನು ಹಾಗೆ ಗುರುತಿಸಿಡುತ್ತಿದ್ದೆನು.

ಬಿಳಿಯ ಕಿಟಕಿಯ ಪ್ರಖರತೆಗೆ ಕಣ್ಣು ನೋಯುತ್ತಿದ್ದುದರಿಂದ ಒಂದು ದಿನ ಅದನ್ನು ಕಪ್ಪಾಗಿ ಮಾಡಿಕೊಂಡೆನು. ಮೂಲವೆಲ್ಲ ಬೆಳ್ಳಗೆ ಚೆನ್ನಾಗಿಯೇ ತೋರಿತು. ಟಿಪ್ಪಣಿಗಳು ಮಾತ್ರ ಕತ್ತಲಲ್ಲಿ ಕರಗಿದಂತಾದುವು. ಅಲ್ಲಿ ಸಂದೇಹವಿತ್ತೆಂಬುದೇ ತೋರದೆ, ಎರಡು ಪುಟಗಳನ್ನು ಶುದ್ಧವಾದುವೆಂದು ಬಗೆದು ತಮ್ಮನಿಗೆ ಕಳುಹಿಸಿಯೂ ಬಿಟ್ಟೆನು. ತಪ್ಪು ತಿಳಿದಾಗ ಎದೆ ಝಲ್ಲೆಂದಿತು. ಪೊರೆ ಬಂದಿತು, ತಂದೆಯ ಕೆಲಸ ಮುಗಿಯುವ ಮೊದಲೇ ದೃಷ್ಟಿ ಹೋಗುವುದೆಂದು ರಾತ್ರಿಯೆಲ್ಲ ಹೊರಳಾಡಿದೆನು.

ಬೆಳಿಗ್ಗೆ ಮನೆಯಾಕೆಗೆ ಹೇಳಿದೆನು. ಅಂಗಳದಲ್ಲಿ ಬ್ಯಾಡಗಿ ಮೆಣಸಿನಕಾಯಿ ಹರವಿತ್ತು. ಅದರ ಬೆಲೆ ಖಾರದಲ್ಲಿಲ್ಲ, ಕೆಂಪಿನಲ್ಲಿದೆ. ಆದುದರಿಂದ ಬಿಳಿಚಿದ ಕಾಯಿಗಳನ್ನು ಆರಿಸಿ ತೆಗೆಯಬೇಕು. ಹಿಂದಿನ ದಿನ ಆ ಕೆಲಸ ಮಾಡಿದವನು ನಾನೇ. ಆಕೆ ನಕ್ಕು, "ಬಿಳಿಚಿದ್ದು ಒಂದೂ ಬಿಡದ ಆರಿಸೀರಿ. ಆ ಕಣ್ಣಿಗೆ ಏನಾಗೇತ್ರಿ? ನಿಮ್ಮ ಪೆಟ್ಟಿಗೀನ ನೋಡ್ರಿ" ಎಂದಳು.

ನಾಚಿಕೆಯಾಯಿತು. ಶಾಸ್ತ್ರಗಳಲ್ಲಿ ಅನ್ವಯ ವ್ಯತಿರೇಕವೆಂದು ಓದಿದ್ದೆನಷ್ಟೆ! ಯಾವುದಿದ್ದರೆ ದೋಷವಿರುವುದೋ, ಯಾವುದು ಇಲ್ಲದಿದ್ದರೆ ದೋಷವೂ ಇಲ್ಲದಾಗುವುದೋ, ಅದನ್ನೇ ಕಾರಣವೆಂದು ತಿಳಿಯತಕ್ಕದ್ದು. ಮೊದಲು ನನ್ನ ಸಿದ್ಧತೆಯ ಕಡತವನ್ನು ಓದಬೇಡವೆಂದು ಆಜ್ಞೆಯಿತ್ತು ವಿಮ್ಮನ್ನು ತೆರೆದೆನು. ಬಣ್ಣಗಳೆಲ್ಲ ಹೋಗಿ ಟಿಪ್ಪಣಿಗಳು ಬೆಳ್ಳಗೆ ಎದ್ದು ನಿಂತುವು. ಅಂದಮೇಲೆ ಕಣ್ಣು ನಿರಪರಾಧಿ, ಬರೆಹವೂ ಕ್ಷೇಮ. ಮತ್ತೆ ನನ್ನ ಕಡತದೊಡನೆ ತೆರೆದೆನು, ಕತ್ತಲೆ ಮರಳಿತು. ಹಿನ್ನೆಲೆ ಯಾವುದೆಂದು ತಿಳಿದಿರುವೆಯೆಂದು ಪ್ರಶ್ನಿಸಲು, 'ಲೈಟ್' ಎಂದಿತು. ಕಿಟಕಿ ಬಿಳಿದಾಗಿದ್ದ ಕಾಲದಲ್ಲಿ ನಾನೇ ಬರೆದಿಟ್ಟ ಒಂದು ಸಾಲು! ಬಿಳಿಯ ಹಾಳೆಯೆಂದು ನಂಬಿದ ವಿಮ್ ಟಿಪ್ಪಣಿಗಳನ್ನು ಕಡುನೀಲಿಯಲ್ಲಿ ಬರೆಯುವುದು. ಕರಿಯದೆಂದು ತಿಳಿದರೆ ತಿಳಿನೀಲಿಯಲ್ಲಿ. ಆ ಸಾಲನ್ನು 'ಸೆಟ್ ಬ್ಯಾಕ್‌ಗ್ರೌಂಡ್ ಈಕ್ವಲ್ ಡಾರ್ಕ್' ಎಂದು ತಿದ್ದಿದೆನು. ಮಾಯವಾಗಿದ್ದ ಸಂದೇಹಗಳೆಲ್ಲ ಒಮ್ಮೆಗೇ ಬೆಳಗಿದುವು.

ಒಂದು ದೋಷ ಉಳಿಯಿತು. ಒತ್ತಕ್ಷರಗಳು ಬಿಡಿಬಿಡಿಯಾಗಿ, ಒಮ್ಮೊಮ್ಮೆ ಒಂದರ ಮೇಲೊಂದು ಬಿದ್ದಂತೆ ತೋರುತ್ತವೆ. ಅದೇ ಕಡತವನ್ನು ಬೇರೊಂದು ಸಾಧಾರಣ ಸಂಪಾದಕದಲ್ಲಿ ತೆರೆದರೆ ಸರಿಯಾಗಿವೆ. ಟರ್ಮಿನಲ್ಲಿನ ನೆಲವು ಸಮನಾದ ಚೌಕಗಳದು. ಇಂಗ್ಲಿಷಿನ ಅಕ್ಷರಕ್ಕೆ ಒಂದೊಂದು ಚೌಕ ಸಾಕು. ನಮ್ಮ 'ಕ್ಷ'ವಾದರೋ ಯುನಿಕೋಡಿನಲ್ಲಿ ಕಕಾರ, ಹಲಂತ ಚಿಹ್ನೆ, ಷಕಾರವೆಂದು ಮೂರು ಸಂಕೇತಗಳ ಕೂಟ. ಅವನ್ನು ಬೆಸೆದು ಒಂದೇ ಆಕೃತಿಯನ್ನು ಬರೆಯುವ ಶಕ್ತಿ ನನ್ನ ಟರ್ಮಿನಲ್ಲಿಗಿಲ್ಲ. ಇದಕ್ಕೆ ಬಣ್ಣದ ಮದ್ದು ನಾಟದು. ಕರಡನ್ನು ವಿಮ್ಮಿನಲ್ಲಿ ಬರೆದು, ಒತ್ತುಗಳನ್ನು ಅಚ್ಚಿನ ಪ್ರತಿಯಲ್ಲಿ ತಾಳೆ ನೋಡುತ್ತೇನೆ.

ಅರುವತ್ತು ದಾಟಿದವರು ಕಣ್ಣನ್ನು ವೈದ್ಯರಿಗೆ ತೋರಿಸುವುದು ಒಳಿತೇ. ನಾನೂ ತೋರಿಸಿಕೊಂಡು ಬಂದೆನು. ಆ ಸಂಜೆ ಕಾಂತೇಶನ ಗುಡಿಗೆ ಹೋಗಿ ಬಂದು, ತಮ್ಮನಿಗೆ ತಿದ್ದೋಲೆಯನ್ನು ಬರೆದೆನು: "ಆ ಎರಡು ಪುಟಗಳನ್ನು ನಂಬಬೇಡ. ಅವುಗಳಲ್ಲಿ ಐದು ಸಂದೇಹಗಳುಂಟು. ತಂದೆಯವರ ಅಕ್ಷರವನ್ನು ನೀನೂ ಬಲ್ಲೆ, ಬಂದು ನೋಡು." ಮುಂದಿನ ವಾರ ಅವನು ಬಂದನು. ವಹಿಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಓದಿದೆವು. ಮೂರು ಸಂದೇಹಗಳು ತೀರಿದುವು. ಉಳಿದೆರಡು ತಿಳಿನೀಲಿಯಲ್ಲಿ ಹಾಗೆಯೇ ಇವೆ.