ಗೇಟಿನಾಚೆ ಏನಿದೆ ನೋಡಿ

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟ ಮಧ್ಯಮವರ್ಗದ ಕುಟುಂಬ ಹತ್ತಾರು ಕಡೆ ಅಲೆದು, ಕೊನೆಗೆ ಎರಡು ದಾರಿಯ ಮುಂದೆ ಬಂದು ನಿಲ್ಲುತ್ತದೆ. ಒಂದು, ಜಯನಗರದಂಥ ಹಳೇ ಬಡಾವಣೆಯಲ್ಲಿ ಇಪ್ಪತ್ತೈದು ಮೂವತ್ತು ವರ್ಷ ಹಳೆಯದಾದ, ಎರಡು ಬೆಡ್‌ರೂಮಿನ ಫ್ಲ್ಯಾಟು. ಇನ್ನೊಂದು, ಹೆಚ್ಚುಕಡಿಮೆ ಅಷ್ಟೇ ದುಡ್ಡಿಗೆ ವೈಟ್‌ಫೀಲ್ಡ್ ಕಡೆ ಈಜುಕೊಳ, ಜಿಮ್, ಕ್ಲಬ್‌ಹೌಸ್ ಎಲ್ಲ ಇರುವ ಹೊಸ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ದೊಡ್ಡ ಮನೆ. ಚದರ ಅಡಿಯ ಲೆಕ್ಕಕ್ಕೆ ಕೂತರೆ ಎರಡನೆಯದೇ ಲಾಭ ಎಂದು ಎಂಥವರಿಗೂ ಅನ್ನಿಸುತ್ತದೆ. ಆದರೆ ಆ ಲೆಕ್ಕ ಅರ್ಧ ಮಾತ್ರ. ಗೇಟಿನ ಒಳಗಿರುವುದನ್ನಷ್ಟೇ ಅದು ಅಳೆಯುತ್ತದೆ. ನೆಲದ ಟೈಲ್ಸು, ಅಡುಗೆಮನೆಯ ಕಟ್ಟೆ, ಬಚ್ಚಲಿನ ನಲ್ಲಿ ಇವನ್ನೆಲ್ಲ ಕೈಯಲ್ಲಿ ಕಾಸು ಕೂಡಿದಾಗ ಬದಲಿಸಿಕೊಳ್ಳಬಹುದು. ಹೊರಗಿನ ರಸ್ತೆಯನ್ನು, ಚರಂಡಿಯನ್ನು, ಕುಡಿಯುವ ನೀರಿನ ಕೊಳವೆಯನ್ನು ಒಂದು ಕುಟುಂಬ ಎಷ್ಟು ಸುರಿದರೂ ಬದಲಿಸಲಾರದು. ಬದಲಿಸಲಾಗದ್ದನ್ನೇ ಮೊದಲು ತೂಗಬೇಕು, ಬದಲಿಸಬಹುದಾದದ್ದನ್ನು ಆಮೇಲೆ.

ಈ ಎರಡು ಜಾಗಗಳು ಬೆಳೆದ ಬಗೆಯನ್ನು ನೋಡಿದರೆ ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಜಯನಗರ 1948ರಲ್ಲಿ ರೂಪುಗೊಂಡ ಯೋಜಿತ ಬಡಾವಣೆ. ಮೊದಲು ಬ್ಲಾಕುಗಳು, ಮೇನ್ ಮತ್ತು ಕ್ರಾಸ್ ರಸ್ತೆಗಳು, ಪಾರ್ಕು, ಮಾರುಕಟ್ಟೆಗಳಿಗೆ ಜಾಗ ಗುರುತಾದವು. ಮನೆಗಳು ಎದ್ದದ್ದು ಆಮೇಲೆ. ವೈಟ್‌ಫೀಲ್ಡ್ ಇದಕ್ಕಿಂತ ಹಳೆಯದು. 1882ರಲ್ಲಿ ಮೈಸೂರಿನ ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಶುರುವಾದ ಊರು ಅದು. ಇವತ್ತು ವೈಟ್‌ಫೀಲ್ಡ್ ಎಂದು ಕರೆಯುವ ವಿಸ್ತಾರದಲ್ಲಿ ಆ ಹಳೇ ಊರು ಒಂದು ಮೂಲೆ ಮಾತ್ರ. 1990ರ ದಶಕದಲ್ಲಿ ಐ.ಟಿ. ಪಾರ್ಕ್ ಬಂದ ಮೇಲೆ ಹೂಡಿ, ನಲ್ಲೂರಹಳ್ಳಿ, ಕಾಡುಗೋಡಿ, ವರ್ತೂರುಗಳ ಹೊಲಗಳು ಒಂದೊಂದಾಗಿ ಕಟ್ಟಡಗಳಾದವು. ಇಲ್ಲಿ ಕಟ್ಟಡ ಮೊದಲು, ಊರಿನ ವ್ಯವಸ್ಥೆ ಆಮೇಲೆ. ಹೊಲಕ್ಕೆ ಗಾಡಿ ಹೋಗುತ್ತಿದ್ದ ದಾರಿಯೇ ಎಷ್ಟೋ ಕಡೆ ಇವತ್ತು ನೂರಾರು ಕಾರುಗಳ ರಸ್ತೆ. ಈ ಪ್ರದೇಶ ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಬಂದದ್ದೇ 2007ರಲ್ಲಿ.

ನೀರಿನ ವಿಷಯದಲ್ಲಿ ಈ ಅಂತರ ಕಣ್ಣಿಗೆ ಕಟ್ಟುತ್ತದೆ. ಹಳೇ ಬಡಾವಣೆಗಳಿಗೆ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹತ್ತಿ ಬರುವ ಕಾವೇರಿ ನೀರು ದಶಕಗಳಿಂದ ಸಿಗುತ್ತಿದೆ. ದಿನ ಬಿಟ್ಟು ದಿನ ಬಂದರೂ ಸಂಪು ತುಂಬುತ್ತದೆ. ವೈಟ್‌ಫೀಲ್ಡ್ ಕಡೆಯ ಹೊಸ ಬಡಾವಣೆಗಳು ಬಹುಕಾಲ ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನಂಬಿಕೊಂಡವು. ಅಂಥ ಕಡೆ ಬೇಸಿಗೆಯ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ನೋಡಬೇಕು: ಟ್ಯಾಂಕರು ಹಿಮ್ಮುಖವಾಗಿ ಒಳಗೆ ಬರುತ್ತದೆ, ಹುಡುಗನೊಬ್ಬ ದಪ್ಪ ಪೈಪನ್ನು ಸಂಪಿಗೆ ಇಳಿಬಿಡುತ್ತಾನೆ, ಸೆಕ್ಯೂರಿಟಿಯವನು ಪುಸ್ತಕದಲ್ಲಿ ಎಷ್ಟನೇ ಲೋಡು ಎಂದು ಬರೆದುಕೊಳ್ಳುತ್ತಾನೆ. ಆ ಪುಸ್ತಕದ ಲೆಕ್ಕ ತಿಂಗಳ ಕೊನೆಗೆ ಮೇಂಟೆನೆನ್ಸ್ ಬಿಲ್ಲಿಗೆ ಸೇರುತ್ತದೆ. ಜನರೇಟರಿನ ಡೀಸೆಲ್, ಕೊಳಚೆ ನೀರಿನ ಶುದ್ಧೀಕರಣ ಘಟಕದ ಖರ್ಚು ಅದರ ಜೊತೆಗೆ. ಅಂದರೆ ಊರು ಮಾಡಬೇಕಾದ ಕೆಲಸವನ್ನು ನಿವಾಸಿಗಳು ಸ್ವಂತ ಜೇಬಿನಿಂದ ಮಾಡಿಸಿಕೊಳ್ಳುತ್ತಿದ್ದಾರೆ. ಸಾಲದ ಕಂತು ಒಂದು ದಿನ ಮುಗಿಯುತ್ತದೆ, ಈ ಕಂತು ಮುಗಿಯುವುದಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ದುಡ್ಡು ಕೊಡುತ್ತೇವೆಂದರೂ ಟ್ಯಾಂಕರ್ ಸಿಗದೆ ಜನ ಪರದಾಡಿದರು. 2022ರ ಸೆಪ್ಟೆಂಬರಿನ ಮಳೆಯಲ್ಲಿ ವೈಟ್‌ಫೀಲ್ಡ್ ಸೇರಿದ್ದ ಮಹದೇವಪುರ ವಲಯದ ಕೆಲವು ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಕುಡಿಯಲು ನೀರಿಲ್ಲದ ಬೇಸಿಗೆ, ನೀರು ನುಗ್ಗುವ ಮಳೆಗಾಲ, ಎರಡಕ್ಕೂ ಸಮಾನವಾದ ಒಂದು ಕಾರಣವಿದೆ. ಕೆರೆಯನ್ನೂ ರಾಜಕಾಲುವೆಯನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳದೆ ಕಟ್ಟಿದ್ದು.

ಇದಕ್ಕೆ ಬರುವ ಮೊದಲ ಆಕ್ಷೇಪ: ಕೆಲಸ ಇರುವುದೇ ವೈಟ್‌ಫೀಲ್ಡಿನಲ್ಲಿ, ಜಯನಗರದಲ್ಲಿ ಮನೆ ಮಾಡಿ ಮೆಟ್ರೋದಲ್ಲಿ ಹೋದರೂ ಒಂದು ಕಡೆಗೇ ಒಂದು ಗಂಟೆಗೂ ಮೇಲೆ ಹಿಡಿಯುತ್ತದಲ್ಲ? ಇದು ತೂಕದ ಮಾತು. ದಿನಕ್ಕೆ ಎರಡೂವರೆ ಗಂಟೆಯನ್ನು ದಾರಿಯಲ್ಲಿ ಕಳೆಯಿರಿ ಎಂದು ಯಾರಿಗೂ ಹೇಳಬಾರದು. ಆದರೆ ಈ ತೊಂದರೆಗೆ ಪರಿಹಾರ ಬಾಡಿಗೆ ಮನೆ. ಐ.ಟಿ. ಕೆಲಸದಲ್ಲಿರುವವರು ಕಂಪನಿ ಬದಲಿಸುತ್ತಾರೆ, ಕಂಪನಿಗಳು ಕಟ್ಟಡ ಬದಲಿಸುತ್ತವೆ, ಗಂಡನ ಕಚೇರಿ ಒಂದು ದಿಕ್ಕಿಗಾದರೆ ಹೆಂಡತಿಯದು ಇನ್ನೊಂದು ದಿಕ್ಕಿಗಿರುತ್ತದೆ. ಇಪ್ಪತ್ತು ವರ್ಷದ ಸಾಲವನ್ನು ಮೂರು ವರ್ಷ ಇರುವ ಕೆಲಸದ ವಿಳಾಸಕ್ಕೆ ಕಟ್ಟಿಹಾಕುವುದು ವಿವೇಕವಲ್ಲ. ಮನೆಯ ಬೆಲೆಗೆ ಹೋಲಿಸಿದರೆ ಬೆಂಗಳೂರಿನ ಬಾಡಿಗೆ ಸಾಲದ ಬಡ್ಡಿಗಿಂತ ಕಡಿಮೆಯೇ. ಕೆಲಸದ ಹತ್ತಿರ ಬಾಡಿಗೆಗೆ ಇದ್ದು, ಬದುಕು ನೆಲೆಯೂರಬೇಕಾದ ಕಡೆ ಸ್ವಂತದ್ದು ಮಾಡಿಕೊಂಡು ಅದನ್ನು ಅಲ್ಲಿಯವರೆಗೆ ಬಾಡಿಗೆಗೆ ಕೊಟ್ಟರೆ ಎರಡೂ ಸಾಗುತ್ತವೆ.

ಮಕ್ಕಳಿಗೆ ಕಾಂಪೌಂಡಿನೊಳಗೆ ಆಡಲು ಜಾಗ, ಭದ್ರತೆ ಇದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಆರು ವರ್ಷದ ಮಗುವಿಗೆ ಅದು ನಿಜವಾದ ಸೌಲಭ್ಯ. ಆದರೆ ಹದಿನಾಲ್ಕರ ಹುಡುಗಿಗೆ ಗೇಟು ದಾಟಿ ತಾನೇ ಸಂಗೀತ ಪಾಠಕ್ಕೆ, ಲೈಬ್ರರಿಗೆ, ಗೆಳತಿಯ ಮನೆಗೆ ಹೋಗಿಬರುವ ದಾರಿ ಬೇಕು. ಎಪ್ಪತ್ತು ದಾಟಿದ ಅಜ್ಜಿಗೂ ಅಷ್ಟೇ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ ಸಂಜೆ ಹೊತ್ತಿಗೆ ಹೋದರೆ ಇಂಥ ಅಜ್ಜಿಯರು ಕಾಣುತ್ತಾರೆ: ಕೈಯಲ್ಲೊಂದು ಬಟ್ಟೆಚೀಲ, ಮೊಳ ಮಲ್ಲಿಗೆಗೆ ಚೌಕಾಸಿ, ಒಂದು ಕಟ್ಟು ಕೊತ್ತಂಬರಿ, ದಾರಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಬಿ.ಪಿ. ಮಾತ್ರೆ. ಇದಕ್ಕೆ ಆ್ಯಪು ಬೇಡ, ಡ್ರೈವರು ಬೇಡ, ಮಗ ಮನೆಗೆ ಬರುವವರೆಗೆ ಕಾಯುವುದೂ ಬೇಡ. ವಯಸ್ಸಾದವರ ಸ್ವಾತಂತ್ರ್ಯ ಎಂದರೆ ಇದೇ. ಯಾವ ಕ್ಲಬ್‌ಹೌಸೂ ಇದನ್ನು ಕೊಡಲಾರದು.

ವೈಟ್‌ಫೀಲ್ಡ್ ಸುಧಾರಿಸುತ್ತಿದೆ ಎಂಬ ಮಾತನ್ನೂ ಒಪ್ಪಬೇಕು. 2023ರಲ್ಲಿ ನೇರಳೆ ಮಾರ್ಗದ ಮೆಟ್ರೋ ಬಂತು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ, ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆ ಕೊಡುವ ಯೋಜನೆ ಕೈಗೂಡಿತು. ಕೊಳವೆಯನ್ನು ತಡವಾಗಿಯಾದರೂ ಹಾಕಬಹುದು. ಆದರೆ ಒಮ್ಮೆ ಕಟ್ಟಡ ಎದ್ದ ಜಾಗದಲ್ಲಿ ಪಾರ್ಕನ್ನು, ಅಗಲ ರಸ್ತೆಯನ್ನು, ಮರದ ನೆರಳಿನ ಫುಟ್‌ಪಾತನ್ನು ಹುಟ್ಟಿಸುವುದು ಬಲು ಕಷ್ಟ. ಇತ್ತ ಜಯನಗರವೂ ಮೊದಲಿನಂತೆ ಉಳಿದಿಲ್ಲ. ಮನೆಗಳೆಲ್ಲ ಅಂಗಡಿಯಾಗುತ್ತಿವೆ, ಫುಟ್‌ಪಾತಿನ ಮೇಲೆ ಕಾರು ನಿಲ್ಲುತ್ತಿದೆ ಎನ್ನುವವರ ಮಾತೂ ಸುಳ್ಳಲ್ಲ. ಆ ಕಾರಣಕ್ಕೇ ಅಲ್ಲಿಯೂ ಮುಖ್ಯರಸ್ತೆ ಬಿಟ್ಟು ಒಳಗಿನ ಕ್ರಾಸುಗಳಲ್ಲಿ ಹುಡುಕಬೇಕು. ಅಲ್ಲಿ ಕೆಟ್ಟಿರುವುದು ಬಳಕೆ, ಜಾಗವಂತೂ ಇದೆ. ಜನ ಮನಸ್ಸು ಮಾಡಿದರೆ ಫುಟ್‌ಪಾತನ್ನು ಮರಳಿ ಪಡೆಯಬಹುದು.

ಹಳೇ ಫ್ಲ್ಯಾಟಿನ ಗೋಡೆಗೆ ವಯಸ್ಸಾಗುತ್ತದೆ ಎಂಬ ಅಂಜಿಕೆಗೂ ಉತ್ತರವಿದೆ. ಎಲ್ಲ ಕಟ್ಟಡಕ್ಕೂ ವಯಸ್ಸಾಗುತ್ತದೆ, ಬೆಲೆ ಉಳಿಯುವುದು ನೆಲಕ್ಕೆ. ಮೂರಂತಸ್ತಿನ ಹಳೇ ಕಟ್ಟಡದ ಹತ್ತು ಹನ್ನೆರಡು ಮನೆಗಳ ನಡುವೆ ಹಂಚಿಹೋದ ನೆಲದ ಪಾಲು, ಇಪ್ಪತ್ತು ಅಂತಸ್ತಿನ ಗೋಪುರದಲ್ಲಿ ಒಂದು ಮನೆಗೆ ಸಿಗುವ ಪಾಲಿಗಿಂತ ಸಾಮಾನ್ಯವಾಗಿ ದೊಡ್ಡದು. ಕ್ರಯಪತ್ರದಲ್ಲಿ ಅದನ್ನು ಓದಿ ನೋಡಿ. ಖಾತೆ ಯಾವ ಬಗೆಯದು, ಋಣಭಾರ ಪತ್ರದಲ್ಲಿ ಏನಿದೆ, ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ ಸಿಕ್ಕಿದೆಯೇ ಎಂಬುದನ್ನು ವಕೀಲರಿಗೆ ತೋರಿಸಿ. ಅದಕ್ಕೂ ಮೊದಲು ಏಪ್ರಿಲ್‌ನಲ್ಲೊಮ್ಮೆ, ಜೋರು ಮಳೆ ಬಂದ ಮರುದಿನ ಇನ್ನೊಮ್ಮೆ ಆ ಬೀದಿಯಲ್ಲಿ ನಡೆದು ನೋಡಿ. ಮಾದರಿ ಮನೆಯ ದೀಪ, ಪರದೆಗಳನ್ನು ನೋಡಿ ಮುಂಗಡ ಕೊಡಬೇಡಿ. ದುಡ್ಡು ಒಂದೇ ಆಗಿದ್ದರೆ, ಒಂದು ಬೆಡ್‌ರೂಮ್ ಕಡಿಮೆಯಾದರೂ ಸರಿ, ಒಳ್ಳೆಯ ಬೀದಿ ಇರುವ ಕಡೆಯೇ ಮನೆ ಕೊಳ್ಳಿ.