ಹಿಡಿಂಬನಿಗೆ ಮೂರು ಜೀವ

ಚಪ್ಪಲಿ ಮೆಟ್ಟಿಲಲ್ಲಿ ಬಿಟ್ಟು ಜಗುಲಿಗೆ ಬನ್ನಿ. ನೋಡಿಕೊಂಡು ಕಾಲಿಡಿ, ಚಾಪೆ ತುಂಬ ಲೆಗೋ ಇಟ್ಟಿಗೆ ಹರಡಿದೆ. ಹೊರಗೆ ಆಷಾಢದ ಮಳೆ ಹೊಯ್ಯುತ್ತಿದೆ. ಅಪ್ಸರಕೊಂಡದ ಅಬ್ಬಿಯ ಸದ್ದು ಅದರೊಳಗೇ ಬೆರೆತುಹೋಗಿದೆ. ಹಿಡಿಂಬಾಸುರನಿಗೆ ಇನ್ನೂ ತಲೆ ಬಂದಿಲ್ಲ.

ಅಬ್ಬಿಯ ಹತ್ತಿರದ ಗುಹೆಗಳಲ್ಲಿ ಪಾಂಡವರು ತಂಗಿದ್ದರೆಂದು ಊರವರ ಮಾತು. ಅಕ್ಕನ ಮಗಳಿಗೆ ಅಷ್ಟು ಸಾಕಾಗಿದೆ. ಮಹಾಭಾರತದಲ್ಲಿ ಅವರು ಮಲಗಿದ್ದು ಕಾಡಿನ ಮರದಡಿ. ಇವಳು ಅಂಗಳದಿಂದ ಚಿರೆಕಲ್ಲಿನ ಚೂರು ತಂದು ಗುಹೆಯನ್ನೇ ಕಟ್ಟಿದ್ದಾಳೆ. ಒಳಗೆ ಕುಂತಿಯೂ ನಾಲ್ವರು ಮಕ್ಕಳೂ ನಿದ್ದೆಯಲ್ಲಿ. ಬಾಗಿಲಲ್ಲಿ ಭೀಮನೊಬ್ಬನೇ ಎಚ್ಚರ. ಎದುರಿಗೆ ಹಿಡಿಂಬ, ಅವನ ತಂಗಿ ಹಿಡಿಂಬೆ. ಇವರ ಕಾಳಗವೇ ನಮ್ಮ ಆಟ.

ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲೇ ಆಟಿಕೆ ಸಿಪಾಯಿಗಳ ಕಾಳಗಕ್ಕೆ ನಿಯಮ ಕಟ್ಟಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದರು. ಆಮೇಲೆ ಬಂದ ಕೆಲವು ಆಟಗಳಲ್ಲಿ ದೊಡ್ಡ ಸೈನ್ಯವೇ ಇಲ್ಲ. ಒಂದೊಂದು ಕಡೆಗೆ ಐದಾರು ಮಂದಿ, ಒಬ್ಬೊಬ್ಬರಿಗೂ ಹೆಸರು, ಸ್ವಭಾವ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲೇ ಗುಣವಂತೆಯ ಕೆರೆಮನೆಯವರ ಇಡಗುಂಜಿ ಯಕ್ಷಗಾನ ಮೇಳ 1934ರಲ್ಲಿ ಹುಟ್ಟಿದ್ದು. ರಂಗಸ್ಥಳದಲ್ಲಿ ಎರಡು ವೇಷ ಎದುರುಬದುರು ನಿಂತು ಚಂಡೆಗೆ ಪೆಟ್ಟು ಬಿದ್ದರೆ ಹದಿನೆಂಟು ಅಕ್ಷೋಹಿಣಿಯೂ ಅಲ್ಲಿರುತ್ತದೆ. ವೇಷ ಸರಿಯಾಗಿ ಕಟ್ಟಬೇಕು, ಅಷ್ಟೇ.

ಹಾಗಾಗಿ ನಮ್ಮ ಹೊತ್ತೆಲ್ಲ ವೇಷಕ್ಕೇ. ಲೆಗೋ ಬೊಂಬೆಯ ನೆತ್ತಿಯಲ್ಲೂ ಇಟ್ಟಿಗೆಯ ಮೇಲಿರುವಂಥದೇ ಉಬ್ಬು ಇದೆ. ಹಳದಿ ಕೋನು ಒತ್ತಿದರೆ ಭೀಮನಿಗೆ ಕಿರೀಟವಾಯಿತು. ರಾಕ್ಷಸನಿಗೆ ಬೊಂಬೆ ಸಾಲದು, ಬುಡದಿಂದ ಕಟ್ಟಬೇಕು. ಎಂಟು ಉಬ್ಬಿನ ಕಪ್ಪು ಇಟ್ಟಿಗೆ ಎದೆಗೆ, ಇಳಿಜಾರು ತುಂಡು ಹೆಗಲಿಗೆ, ಕೀಲಿನದು ತೋಳಿಗೆ. ಎಂಟು ಉಬ್ಬಿನ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದು ಎಂದು ಲೆಕ್ಕ ಹಾಕಿದ್ದಾರೆ. ಕೆಂಪು ದುಂಡು ತುಂಡೆರಡು ಕಣ್ಣು, ಬಿಳಿಯದು ಕೋರೆಹಲ್ಲು, ಮೇಲೆ ಅಗಲ ತಟ್ಟೆಯ ಮುಂಡಾಸು.

“ಮಾವಾ, ಬಿದ್ದೋತು!”

ತಲೆಭಾರಕ್ಕೆ ಮುಗ್ಗರಿಸಿದ್ದಾನೆ. ಪಾದದಡಿ ಉದ್ದನೆಯ ಹಲಗೆ ಸೇರಿಸಿದ ಮೇಲೆ ನಿಲ್ಲುತ್ತಾನೆ.

ಒಂದು ನಡೆಗೆ ಒಂದು ಗೇಣು. ದಾಳದಲ್ಲಿ ಆರು ಬಿದ್ದರೆ ಮಲಗಿದವರಲ್ಲಿ ಒಬ್ಬರು ಏಳುತ್ತಾರೆ. ಹಿಡಿಂಬನಿಗೆ ಮೂರು ಜೀವ. ಒಂದು ಹೋದರೆ ಮೈಯ ಒಂದು ಭಾಗ ಕಳಚಬೇಕು. ಹಿಡಿಂಬೆ ಮೊದಲು ಅಣ್ಣನ ಕಡೆ. ಸರದಿಗೊಮ್ಮೆ ಅವಳಿಗೂ ದಾಳ. ಐದೋ ಆರೋ ಬಿದ್ದರೆ ಭೀಮನ ಕಡೆ ದಾಟುತ್ತಾಳೆ. ಈ ನಿಯಮ ಹುಡುಗಿಯದೇ, ಇಡೀ ಆಟದ ಜೀವ ಇದರಲ್ಲಿದೆ.

ರಾಕ್ಷಸರು ನನ್ನವರು. ಎರಡೇ ನಡೆಗೆ ಹಿಡಿಂಬ ಗುಹೆಯ ಬಾಗಿಲು ಮುಟ್ಟುತ್ತಾನೆ. ಭೀಮನ ಪೆಟ್ಟಿಗೆ ಎಡತೋಳು ಹೋಯಿತು. ಹಿಡಿಂಬೆಗೆ ನಾಲ್ಕು, ಇನ್ನೂ ನನ್ನವಳೇ. ಭೀಮ ಒಂದು ಗೇಣು ಹಿಂದೆ ಸರಿದ, ಇನ್ನು ಕುಂತಿಗೂ ನನಗೂ ನಡುವೆ ಅವನೊಬ್ಬನೇ. ಹುಡುಗಿ ದಾಳವನ್ನು ಎರಡೂ ಅಂಗೈಯಲ್ಲಿ ಕುಲುಕುತ್ತಾಳೆ. ಐದು! ಹಿಡಿಂಬೆ ದಾಟಿದಳು. ಅಣ್ಣನಿಗೆ ಬೆನ್ನ ಹಿಂದೆ ತಂಗಿ, ಎದುರಿಗೆ ಭೀಮ. ಬಲತೋಳು ಹೋಯಿತು. ಮುಂದಿನ ಪೆಟ್ಟಿಗೆ ಮುಂಡಾಸು ಸಮೇತ ತಲೆ ಉರುಳಿತು.

“ಈಗ ಘಟೋತ್ಕಚ ಬೇಕು” ಎಂದು ರಾಶಿ ಕೆದಕುತ್ತಿದ್ದಾಳೆ. ಅವನು ಹಿಡಿಂಬನಿಗಿಂತ ಎತ್ತರವಾಗಬೇಕು, ಉಳಿದ ಕಪ್ಪು ಇಟ್ಟಿಗೆ ಸಾಲದು. ಬಿದ್ದವನ ಎದೆಯನ್ನು ಬಿಡಿಸಿ ಹಿಡಿಂಬೆಯ ಮಗನ ಕಾಲಿಗೆ ಹಚ್ಚತೊಡಗಿದ್ದಾಳೆ.